ಸಾವಿರಾರು ಫೈಲುಗಳಿಗೆ ಒಂದೇ ಸಲ ಹೊಸ ಹೆಸರು: ಯಾವ ಕಮಾಂಡ್ ಯಾರಿಗೆ?

ಗವಿಮಠದ ಜಾತ್ರೆ ಮುಗಿದು ಒಂದು ವಾರ ಆಗಿತ್ತು. ಕೊಪ್ಪಳದ ಫೋಟೋಗ್ರಾಫರ್ ಗೆಳೆಯ ಫೋನ್ ಮಾಡಿದ. "ಅಣ್ಣಾ, ತೇರು, ದಾಸೋಹ, ತೆಪ್ಪೋತ್ಸವ ಎಲ್ಲಾ ಸೇರಿ ನಾಕು ಸಾವಿರ ಫೋಟೋ ಅದಾವು. ಎರಡು ಕ್ಯಾಮೆರಾದ್ದು. ಒಂದೊಂದಕ್ಕ ಹೆಸರು ಬರಕೋತ ಕುಂತ್ರ ಮುಗಿಯಂಗಿಲ್ಲ. ಕಮಾಂಡ್ ಹಾಕಿದ್ರ ಒಮ್ಮೆಲೇ ಆಗತೈತಂತಲ್ಲ, ಯಾವುದು ಹಾಕ್ಲಿ?"

ಅದೇ ತಿಂಗಳು ಇಲ್ಲಿ ಬಳ್ಳಾರಿಯಲ್ಲಿ, ಒಂದು ಜೀನ್ಸ್ ಘಟಕದ ಲೆಕ್ಕಪತ್ರ ನೋಡುವ ಅಕ್ಕ ಇಂಥದ್ದೇ ಪ್ರಶ್ನೆ ಕೇಳಿದರು. ಅವರ ಕಂಪ್ಯೂಟರಿನ ಹಳೆಯ ಫೈಲುಗಳಲ್ಲಿ ಊರಿನ ಹೆಸರು ಇಂಗ್ಲಿಷಿನಲ್ಲಿ ‘ಬೆಲ್ಲರಿ’ ಎಂದೇ ಇದೆ. 2014ರ ನವೆಂಬರ್ 1ರಿಂದ ಸರ್ಕಾರಿ ಬರವಣಿಗೆ ‘ಬಳ್ಳಾರಿ’ ಆಯಿತಲ್ಲ, ಹೊಸ ಫೈಲುಗಳಲ್ಲಿ ಹಾಗಿದೆ. ಹುಡುಕಿದರೆ ಅರ್ಧ ಸಿಗುತ್ತವೆ, ಅರ್ಧ ಸಿಗುವುದಿಲ್ಲ. ಜೊತೆಗೆ ವಾಟ್ಸಾಪಿನಲ್ಲಿ ಬಂದ ಪ್ಯಾಂಟ್ ಡಿಸೈನುಗಳ ರಾಶಿ ಬೇರೆ.

ಮೂರನೆಯವರು ರಾಯಚೂರಿನ ಇತಿಹಾಸದ ಮೇಷ್ಟ್ರು. ಮಸ್ಕಿಯ ಅಶೋಕನ ಶಾಸನದಿಂದ ಹಿಡಿದು ಊರೂರಿನ ವೀರಗಲ್ಲುಗಳವರೆಗೆ ಫೋಟೋ ತೆಗೆದಿಟ್ಟಿದ್ದಾರೆ. ಫೈಲುಗಳ ಹೆಸರೆಲ್ಲ ಕನ್ನಡದಲ್ಲಿ. ಬಳಸುವುದು ಉಬುಂಟು, ಅಂದರೆ ವಿಂಡೋಸ್ ಬದಲಿಗೆ ಹಾಕುವ ಲಿನಕ್ಸಿನ ಒಂದು ಬಗೆ.

ಮೂವರ ಪ್ರಶ್ನೆ ಒಂದೇ. ಆದರೆ ನಾನು ಮೂವರಿಗೂ ಬೇರೆ ಬೇರೆ ಉತ್ತರ ಕೊಟ್ಟೆ. ಯಾಕೆ ಅಂತ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಇದೇ ಗೊಂದಲದಲ್ಲಿ ಇನ್ನೂ ತುಂಬಾ ಜನ ಇದ್ದಾರೆ.

ಮೊದಲು ಏನು ನೋಡಬೇಕು

ಸಾಮಾನ್ಯವಾಗಿ ಎಲ್ಲರೂ ‘ಯಾವುದು ಬೇಗ ಮಾಡುತ್ತೆ’ ಅಂತ ಕೇಳುತ್ತಾರೆ. ವೇಗ ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ನಾಲ್ಕು ಸಾವಿರ ಫೈಲುಗಳ ಹೆಸರು ಬದಲಿಸಲು ಯಾವ ಸಾಧನಕ್ಕಾದರೂ ಹೆಚ್ಚು ಹೊತ್ತು ಬೇಕಿಲ್ಲ. ನಾನು ನೋಡುವುದು ಬೇರೆ ವಿಷಯಗಳನ್ನು.

ಎಲ್ಲಕ್ಕಿಂತ ಮೊದಲು, ಹೆಸರು ಬದಲಿಸುವ ಮುಂಚೆ ಅದು ಪಟ್ಟಿ ತೋರಿಸುತ್ತದಾ? ಈ ಹೆಸರು ಹೋಗಿ ಈ ಹೆಸರು ಬರುತ್ತದೆ ಅಂತ ಕಣ್ಣಿಗೆ ಕಾಣಬೇಕು. ಇದಕ್ಕೆ ಡ್ರೈ ರನ್ ಅನ್ನುತ್ತಾರೆ.

ಎರಡನೆಯದು ಇನ್ನೂ ಮುಖ್ಯ. ಎರಡು ಫೈಲಿಗೆ ಒಂದೇ ಹೊಸ ಹೆಸರು ಬಂದರೆ ಏನು ಮಾಡುತ್ತದೆ? ಕೆಲವು ಸಾಧನಗಳು ಅಲ್ಲೇ ನಿಲ್ಲುತ್ತವೆ. ಕೆಲವು ಒಂದರ ಮೇಲೆ ಒಂದನ್ನು ಬರೆದು ಸುಮ್ಮನೆ ಮುಂದೆ ಹೋಗುತ್ತವೆ. ಹಾಗೆ ಹೋದ ಫೈಲು ರಿಸೈಕಲ್ ಬಿನ್‌ನಲ್ಲೂ ಸಿಗುವುದಿಲ್ಲ.

ಇದು ನನಗೆ ಪೆಟ್ಟು ತಿಂದು ಗೊತ್ತಾದ ವಿಷಯ. ಕೆಲ ವರ್ಷಗಳ ಹಿಂದೆ ಹೊಸಪೇಟೆಯ ಒಂದು ಮದುವೆಯ ಫೋಟೋಗಳನ್ನು ಜೋಡಿಸಿ ಕೊಡುತ್ತಿದ್ದೆ. ಎರಡು ಕ್ಯಾಮೆರಾ, ಎರಡು ಮೆಮೊರಿ ಕಾರ್ಡ್. ಕ್ಯಾಮೆರಾಗಳು ಹೆಸರಿನ ಕೊನೆಗೆ ನಾಲ್ಕು ಅಂಕಿ ಹಾಕುತ್ತವೆ. 0001ರಿಂದ 9999ರವರೆಗೆ ಹೋಗಿ ಮತ್ತೆ 0001ಕ್ಕೆ ಬರುತ್ತವೆ. ಎರಡೂ ಕಾರ್ಡಿನಲ್ಲಿ 0412 ಇತ್ತು, 0413 ಇತ್ತು. ಎರಡನ್ನೂ ಒಂದೇ ಫೋಲ್ಡರಿಗೆ ತಂದು, ಮುಂದಿನ ಅಕ್ಷರ ತೆಗೆದು ಮದುಮಗಳ ಹೆಸರು ಸೇರಿಸುವ ಕಮಾಂಡ್ ಕೊಟ್ಟೆ. ಪರದೆ ಮೇಲೆ ಒಂದೇ ಒಂದು ಎಚ್ಚರಿಕೆ ಬರಲಿಲ್ಲ. ಆಮೇಲೆ ಎಣಿಸಿದರೆ ಆರುನೂರು ಫೋಟೋ ಕಡಿಮೆ. ಕಾರ್ಡುಗಳನ್ನು ಇನ್ನೂ ಅಳಿಸಿರಲಿಲ್ಲ, ಹಾಗಾಗಿ ಉಳಿಯಿತು. ಧಾರೆ ಎರೆಯುವ ಫೋಟೋ ಹೋಗಿದ್ದರೆ ಆ ಮನೆಯವರಿಗೆ ಏನು ಹೇಳುತ್ತಿದ್ದೆ ಅಂತ ಇವತ್ತಿಗೂ ಯೋಚನೆ ಬರುತ್ತದೆ.

ಮೂರನೆಯದು, ತಪ್ಪಾದರೆ ಹಿಂದಕ್ಕೆ ಬರಲು ದಾರಿ ಇದೆಯಾ? ನಾಲ್ಕನೆಯದು, ಅದು ನಿಮ್ಮ ಕಂಪ್ಯೂಟರಿನಲ್ಲಿ ಆಗಲೇ ಇದೆಯಾ ಅಥವಾ ಇಳಿಸಿಕೊಳ್ಳಬೇಕಾ? ಆಫೀಸ್ ಕಂಪ್ಯೂಟರಿನಲ್ಲಿ ಹೊಸದೇನೂ ಹಾಕಲು ಬಿಡದಿದ್ದರೆ ಇದೊಂದೇ ಎಷ್ಟೋ ಆಯ್ಕೆಗಳನ್ನು ತೆಗೆದುಹಾಕುತ್ತದೆ. ಐದನೆಯದು ನಮಗೇ ಸೇರಿದ್ದು, ಕನ್ನಡ ಹೆಸರುಗಳನ್ನು ಸರಿಯಾಗಿ ನೋಡಿಕೊಳ್ಳುತ್ತದಾ?

ಇನ್ನೊಂದು ಇದೆ. ಆರು ತಿಂಗಳ ಮೇಲೆ ನೀವೇ ಬರೆದ ಕಮಾಂಡ್ ನೋಡಿದರೆ ಅರ್ಥ ಆಗುತ್ತದಾ? ವರ್ಷಕ್ಕೊಮ್ಮೆ ಮಾಡುವ ಕೆಲಸಕ್ಕೆ ಒಗಟಿನಂಥ ಸಾಲು ಬೇಡ.

ದುಡ್ಡಿನ ಮಾತು ಇಲ್ಲಿಗೇ ಮುಗಿಸುತ್ತೇನೆ. ಕೆಳಗೆ ಹೇಳುವ ಹೆಸರು ಬದಲಿಸುವ ಸಾಧನಗಳೆಲ್ಲ ಉಚಿತ. ಖರ್ಚಾಗುವುದು ಕಲಿಯುವ ಸಮಯ. ದುಡ್ಡು ಹಾಕುವುದಿದ್ದರೆ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಹಾಕಿ, ಮೊದಲು ಅದರಲ್ಲಿ ಒಂದು ಪ್ರತಿ ಇಡಿ.

ವಿಂಡೋಸ್ ಇದ್ದವರಿಗೆ

ಹಳೆಯ ಕಮಾಂಡ್ ಪ್ರಾಂಪ್ಟಿನಲ್ಲಿ ‘ರೆನ್’ ಇದೆ. ಏನೂ ಇಳಿಸಿಕೊಳ್ಳಬೇಕಾಗಿಲ್ಲ. ಕೊನೆಯ ‘ಜೆಪಿಇಜಿ’ಯನ್ನು ‘ಜೆಪಿಜಿ’ ಮಾಡುವಂಥ ಕೆಲಸಕ್ಕೆ ಒಂದು ಸಾಲು ಸಾಕು, ಚೆನ್ನಾಗಿ ಮಾಡುತ್ತದೆ. ಒಂದು ಹೆಸರು ಆಗಲೇ ಇದ್ದರೆ ಮೇಲೆ ಬರೆಯುವುದಿಲ್ಲ, ಆಗುವುದಿಲ್ಲ ಅನ್ನುತ್ತದೆ. ಅದು ಒಳ್ಳೆಯ ಗುಣ.

ಆದರೆ ಹೆಸರಿನ ಮುಂದೆ ಏನಾದರೂ ಸೇರಿಸಲು ಹೋದರೆ ಕೆಡುತ್ತದೆ. ಸ್ಟಾರ್ ಗುರುತು ಬಳಸಿ ಎಲ್ಲದಕ್ಕೂ ಮುಂದೆ ‘ಬಳ್ಳಾರಿ’ ಸೇರಿಸು ಅಂದರೆ, ಅದು ಸೇರಿಸುವುದಿಲ್ಲ. ಮುಂದಿನ ಅಕ್ಷರಗಳ ಮೇಲೆಯೇ ಬರೆಯುತ್ತದೆ. ಹಳೆಯ ಹೆಸರಿನ ಮೊದಲ ಏಳೆಂಟು ಅಕ್ಷರ ಹಾಗೇ ಮಾಯ. ಮೊದಲೇ ತೋರಿಸುವುದೂ ಇಲ್ಲ, ಹಿಂದಕ್ಕೆ ಬರುವುದೂ ಇಲ್ಲ. ಹಾಗಾಗಿ ರೆನ್ ಅನ್ನು ಫೈಲಿನ ಎಕ್ಸ್‌ಟೆನ್ಷನ್ ಬದಲಿಸಲು ಮಾತ್ರ ಇಟ್ಟುಕೊಳ್ಳಿ.

ವಿಂಡೋಸಿನಲ್ಲಿ ನಿಜವಾದ ಸಾಧನ ಪವರ್‌ಶೆಲ್. 2006ರಲ್ಲಿ ಬಂತು, ಈಗಿನ ಎಲ್ಲಾ ವಿಂಡೋಸ್‌ನಲ್ಲೂ ಮೊದಲಿನಿಂದಲೇ ಇರುತ್ತದೆ. ಫೈಲುಗಳ ಪಟ್ಟಿ ಕೊಡುವ ‘ಗೆಟ್-ಚೈಲ್ಡ್‌ಐಟಂ’, ಹೆಸರು ಬದಲಿಸುವ ‘ರಿನೇಮ್-ಐಟಂ’. ಇವೆರಡನ್ನು ನಡುವೆ ಪೈಪ್, ಅಂದರೆ ನಿಂತ ಗೆರೆಯ ಗುರುತು, ಹಾಕಿ ಸೇರಿಸುವುದು. ಸಾಲು ಸ್ವಲ್ಪ ಉದ್ದ ಆಗುತ್ತದೆ, ಆದರೆ ಓದಿದರೆ ಅರ್ಥ ಆಗುತ್ತದೆ. ಸಾಲಿನ ಕೊನೆಗೆ ‘ವಾಟ್‌ಇಫ್’ ಎಂದು ಸೇರಿಸಿದರೆ ಏನೂ ಬದಲಿಸದೆ ಬರೀ ತೋರಿಸುತ್ತದೆ. ಇರುವ ಹೆಸರಿನ ಮೇಲೆ ಬರೆಯುವುದಿಲ್ಲ, ಕೆಂಪು ಅಕ್ಷರದಲ್ಲಿ ತಪ್ಪು ತೋರಿಸಿ ಆ ಫೈಲನ್ನು ಬಿಡುತ್ತದೆ.

ಜೀನ್ಸ್ ಘಟಕದ ಅಕ್ಕನಿಗೆ ಇದೇ ಸರಿ ಹೋಯಿತು. ಕಾರಣ ಹೇಳುತ್ತೇನೆ. ಅವರ ಫೈಲುಗಳಲ್ಲಿ ‘ಬೆಲ್ಲರಿ’ ಮೂರು ತರ ಇತ್ತು. ಎಲ್ಲಾ ದೊಡ್ಡಕ್ಷರ, ಎಲ್ಲಾ ಚಿಕ್ಕಕ್ಷರ, ಮೊದಲನೆಯದು ಮಾತ್ರ ದೊಡ್ಡದು. ಪವರ್‌ಶೆಲ್‌ನ ‘ಮೈನಸ್ ರಿಪ್ಲೇಸ್’ ದೊಡ್ಡಕ್ಷರ ಚಿಕ್ಕಕ್ಷರ ಭೇದ ಮಾಡುವುದಿಲ್ಲ. ಒಂದೇ ಸಾಲಿನಲ್ಲಿ ಮೂರೂ ಬದಲಾದವು. ಲಿನಕ್ಸಿನ ಸಾಧನಗಳಲ್ಲಿ ಭೇದ ಮಾಡಬೇಡ ಅಂತ ಬೇರೆಯಾಗಿ ಹೇಳಬೇಕು.

ಆದರೆ ಅದೇ ಗುಣ ತೊಂದರೆಯೂ ಆಗಬಹುದು. ಒಂದು ಹಳೆಯ ಗಿರಾಕಿಯ ಕಂಪನಿ ಹೆಸರಿನಲ್ಲೇ ‘ಬೆಲ್ಲರಿ’ ಇದೆ. ನೋಂದಣಿ ಆದ ಹೆಸರು, ಅದನ್ನು ಮುಟ್ಟುವಂತಿಲ್ಲ. ವಾಟ್‌ಇಫ್ ಪಟ್ಟಿ ನೋಡಿದಾಗಲೇ ಆ ಅಕ್ಕನ ಕಣ್ಣಿಗೆ ಬಿತ್ತು. ಆ ಫೈಲುಗಳನ್ನು ಬೇರೆ ಫೋಲ್ಡರಿಗೆ ಸರಿಸಿ ಆಮೇಲೆ ಕಮಾಂಡ್ ಕೊಟ್ಟೆವು. ಇನ್ನೊಂದು ಗುಂಪೂ ಇತ್ತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆ ಆಯಿತಲ್ಲ, ಹೊಸಪೇಟೆ ಕಡೆಯ ಬಿಲ್ಲುಗಳಲ್ಲಿ ಜಿಲ್ಲೆಯ ಹೆಸರು ಹಳೆಯದು. ಅವು ಆಗಿನ ಕಾಲದ ದಾಖಲೆಗಳು, ಹಾಗೇ ಇರಲಿ ಅಂದರು. ಸರಿಯಾದ ತೀರ್ಮಾನ ಅನ್ನಿಸಿತು.

ಪವರ್‌ಶೆಲ್‌ನಲ್ಲಿ ಮೂರು ಕಡೆ ಎಚ್ಚರ ಇರಲಿ. ಒಂದು, ಹೆಸರಿನ ಮುಂದೆ ಏನಾದರೂ ಸೇರಿಸುವಾಗ ಪಟ್ಟಿ ಕೊಡುವ ಭಾಗವನ್ನು ಬ್ರಾಕೆಟ್ಟಿನೊಳಗೆ ಹಾಕಿ. ಇಲ್ಲದಿದ್ದರೆ ಹೊಸ ಹೆಸರು ಬಂದ ಫೈಲನ್ನು ಹೊಸ ಫೈಲು ಅಂತ ತಿಳಿದು ಮತ್ತೆ ಸೇರಿಸಬಹುದು. ‘ಬಳ್ಳಾರಿ_ಬಳ್ಳಾರಿ_ಬಳ್ಳಾರಿ’ ಅಂತ ಸಾಲಾಗಿ ಬಂದಿದ್ದನ್ನು ನೋಡಿದ್ದೇನೆ. ಎರಡು, ರಿಪ್ಲೇಸ್ ನಡೆಯುವುದು ರೆಗೆಕ್ಸ್ ನಿಯಮದಲ್ಲಿ, ಅಂದರೆ ಅಕ್ಷರಗಳ ಮಾದರಿಯನ್ನು ಗುರುತುಗಳಲ್ಲಿ ಬರೆದು ಹುಡುಕುವ ರೀತಿಯಲ್ಲಿ. ಅಲ್ಲಿ ಚುಕ್ಕೆ ಅಂದರೆ ‘ಯಾವುದಾದರೂ ಒಂದು ಅಕ್ಷರ’. ನಿಜವಾದ ಚುಕ್ಕೆ ಬೇಕಿದ್ದರೆ ಅದಕ್ಕಿಂತ ಮೊದಲು ಬ್ಯಾಕ್‌ಸ್ಲ್ಯಾಶ್ ಹಾಕಬೇಕು. ಮೂರು, ವಾಟ್‌ಇಫ್ ಪಟ್ಟಿಯಲ್ಲಿ ಎರಡು ಫೈಲಿಗೆ ಒಂದೇ ಹೆಸರು ಬರುತ್ತಿದ್ದರೂ ಅದು ಹೇಳುವುದಿಲ್ಲ. ನೀವೇ ನೋಡಬೇಕು.

ಅವರ ವಾಟ್ಸಾಪ್ ರಾಶಿಗೆ ಬೇರೆ ದಾರಿ ಬೇಕಾಯಿತು. ಆ ಫೈಲುಗಳ ಹೆಸರಿನಲ್ಲಿ ತಾರೀಖು ಇರುತ್ತದೆ, ‘ಡಬ್ಲ್ಯೂಎ’ ಇರುತ್ತದೆ, ನಾಲ್ಕು ಅಂಕಿ ಇರುತ್ತವೆ. ಆ ತಾರೀಖು ಫೋಟೋ ತೆಗೆದ ದಿನವಲ್ಲ, ಫೋನಿಗೆ ಬಂದ ದಿನ. ಅಂಕಿ ಪ್ರತಿ ದಿನ ಹೊಸದಾಗಿ ಶುರು. ಎರಡು ಫೋನಿನಿಂದ ತಂದರೆ ಒಂದೇ ಹೆಸರಿನ ಬೇರೆ ಬೇರೆ ಫೋಟೋ ಸಿಗುತ್ತವೆ. ಯಾವ ಡಿಸೈನ್ ಯಾವ ನಂಬರಿನದು ಅನ್ನುವುದು ಫೋಟೋದೊಳಗೆ ಎಲ್ಲೂ ಬರೆದಿರುವುದಿಲ್ಲ, ಅದು ಗೊತ್ತಿರುವುದು ಆ ಅಕ್ಕನಿಗೆ ಮಾತ್ರ. ಅವರಿಗೆ ಎಕ್ಸೆಲ್ ಚೆನ್ನಾಗಿ ಬರುತ್ತದೆ. ಒಂದು ಕಾಲಂನಲ್ಲಿ ಹಳೆಯ ಹೆಸರು, ಪಕ್ಕದಲ್ಲಿ ಹೊಸ ಹೆಸರು. ಅದನ್ನು ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರೆ ಮಾಡಿದ ಸಾದಾ ಪಟ್ಟಿ) ಮಾಡಿ ಪವರ್‌ಶೆಲ್‌ನ ‘ಇಂಪೋರ್ಟ್-ಸಿಎಸ್‌ವಿ’ಗೆ ಕೊಟ್ಟರೆ ಸಾಲು ಸಾಲಾಗಿ ಬದಲಿಸುತ್ತದೆ. ಈ ದಾರಿ ನನಗೆ ತುಂಬಾ ಇಷ್ಟ. ಪಟ್ಟಿಯೇ ದಾಖಲೆ ಆಗಿ ಉಳಿಯುತ್ತದೆ. ತಪ್ಪಾದರೆ ಎರಡು ಕಾಲಂ ಅದಲು ಬದಲು ಮಾಡಿ ಮತ್ತೆ ಓಡಿಸಿದರೆ ಹಳೆಯ ಹೆಸರು ವಾಪಸ್.

ಕನ್ನಡದಲ್ಲಿ ಹೆಸರು ಬರೆದಿದ್ದರೆ ಎಕ್ಸೆಲ್‌ನಲ್ಲಿ ಉಳಿಸುವಾಗ ‘ಸಿಎಸ್‌ವಿ ಯುಟಿಎಫ್-8’ ಅನ್ನುವುದನ್ನೇ ಆರಿಸಿ. ಬರೀ ಸಿಎಸ್‌ವಿ ಆರಿಸಿದರೆ ಕನ್ನಡವೆಲ್ಲ ಪ್ರಶ್ನೆ ಗುರುತಾಗಿ ಹೋಗುತ್ತದೆ.

ಲಿನಕ್ಸಿನಲ್ಲಿ ದಾರಿ ಜಾಸ್ತಿ

ಎಲ್ಲರೂ ಮೊದಲು ಕಲಿಯುವುದು ‘ಎಂವಿ’. ಒಂದು ಫೈಲಿನ ಹೆಸರು ಬದಲಿಸಲು, ಜಾಗ ಬದಲಿಸಲು. ಅದನ್ನು ‘ಫಾರ್’ ಲೂಪಿನೊಳಗೆ, ಅಂದರೆ ಒಂದೇ ಕೆಲಸವನ್ನು ಪ್ರತಿ ಫೈಲಿಗೂ ಮಾಡಿಸುವ ಸಾಲಿನೊಳಗೆ, ಹಾಕಿದರೆ ಎಷ್ಟು ಫೈಲಿಗಾದರೂ ಆಗುತ್ತದೆ. ಯಾವ ಲಿನಕ್ಸ್ ಆಗಲಿ, ಮ್ಯಾಕ್ ಆಗಲಿ, ಇದು ಇದ್ದೇ ಇರುತ್ತದೆ. ಬೇರೆಯವರ ಸರ್ವರಿನಲ್ಲಿ ಕೆಲಸ ಮಾಡುವಾಗ ಇದೊಂದೇ ನಂಬಿಕೆಯ ಜೊತೆಗಾರ.

ಆದರೆ ಮದುವೆ ಫೋಟೋ ಕಳೆದದ್ದು ಇದರಿಂದಲೇ. ಎಂವಿ ಕೇಳದೆ ಮೇಲೆ ಬರೆಯುತ್ತದೆ. ಅದರ ಜೊತೆ ‘ಮೈನಸ್ ಎನ್’ ಹಾಕಿದರೆ ಇರುವುದನ್ನು ಮುಟ್ಟುವುದಿಲ್ಲ. ‘ಮೈನಸ್ ವಿ’ ಹಾಕಿದರೆ ಮಾಡಿದ್ದನ್ನೆಲ್ಲ ಹೇಳುತ್ತದೆ. ಎರಡೂ ಹಾಕದೆ ಲೂಪ್ ಬರೆಯುವುದನ್ನು ನಾನು ಬಿಟ್ಟೇಬಿಟ್ಟೆ. ಮೈನಸ್ ವಿ ಹೇಳಿದ್ದನ್ನು ಒಂದು ಫೈಲಿಗೆ ಬರೆದಿಟ್ಟುಕೊಂಡರೆ ಹಿಂದಕ್ಕೆ ಬರಲು ಪಟ್ಟಿಯೂ ಸಿಗುತ್ತದೆ. ಮೊದಲೇ ನೋಡಬೇಕಿದ್ದರೆ ಎಂವಿಯ ಮುಂದೆ ‘ಎಕೋ’ ಸೇರಿಸಿ, ಬರೀ ಸಾಲುಗಳನ್ನು ತೋರಿಸುತ್ತದೆ. ಹೆಸರಿನಲ್ಲಿ ಖಾಲಿ ಜಾಗ ಇದ್ದರೆ ಲೂಪಿನೊಳಗಿನ ಹೆಸರಿಗೆ ಡಬಲ್ ಕೋಟ್ ಹಾಕಲೇಬೇಕು. ‘ಗವಿಮಠ ತೇರು’ ಅನ್ನುವುದು ಇಲ್ಲದಿದ್ದರೆ ಎರಡು ಫೈಲು ಅಂತ ಆಗಿಬಿಡುತ್ತದೆ.

ಇದಕ್ಕಿಂತ ಹಗುರವಾದದ್ದು ‘ರಿನೇಮ್’. ಇಲ್ಲೊಂದು ದೊಡ್ಡ ಗೊಂದಲ ಇದೆ. ರಿನೇಮ್ ಅನ್ನುವ ಹೆಸರಿನಲ್ಲಿ ಎರಡು ಬೇರೆ ಬೇರೆ ಸಾಧನಗಳಿವೆ.

ಲಿನಕ್ಸಿನಲ್ಲಿ ಹಲವು ಬಗೆ ಇವೆ. ಡೆಬಿಯನ್, ಉಬುಂಟುವಿನಲ್ಲಿ ರಿನೇಮ್ ಅಂದರೆ ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯದು. ಅದಕ್ಕೆ ರೆಗೆಕ್ಸ್ ಪೂರ್ತಿ ಗೊತ್ತು. ಫೆಡೋರಾ, ಆರ್ಚ್‌ನಲ್ಲಿ ರಿನೇಮ್ ಅಂದರೆ ಯುಟಿಲ್-ಲಿನಕ್ಸ್ ಗುಂಪಿನದು. ಅದು ಸಾದಾ. ಈ ಪದದ ಜಾಗಕ್ಕೆ ಆ ಪದ, ಅಷ್ಟೇ. ಒಂದರ ಕಮಾಂಡನ್ನು ಇನ್ನೊಂದಕ್ಕೆ ಕೊಟ್ಟರೆ ಕೆಲಸ ಆಗುವುದಿಲ್ಲ. ಎಲ್ಲೋ ನೋಡಿದ ಸಾಲನ್ನು ಹಾಗೇ ಹಾಕಿ ‘ಆಗ್ತಾ ಇಲ್ಲ’ ಅನ್ನುವವರಲ್ಲಿ ಹೆಚ್ಚಿನವರು ಇಲ್ಲೇ ಎಡವುತ್ತಾರೆ.

ಗುಣದಲ್ಲೂ ವ್ಯತ್ಯಾಸ ಇದೆ. ಪರ್ಲ್ ರಿನೇಮ್ ಇರುವ ಫೈಲಿನ ಮೇಲೆ ಬರೆಯುವುದಿಲ್ಲ, ನೀವು ಬಲವಂತ ಮಾಡಿದರೆ ಮಾತ್ರ ಬರೆಯುತ್ತದೆ. ಯುಟಿಲ್-ಲಿನಕ್ಸಿನದು ಸುಮ್ನೆ ಬಿಟ್ಟರೆ ಮೇಲೆ ಬರೆಯುತ್ತದೆ, ಬೇಡ ಅಂತ ‘ಮೈನಸ್ ಓ’ ಹಾಕಿ ತಡೆಯಬೇಕು. ಸಾದಾ ಬದಲಾವಣೆಗೆ ಯುಟಿಲ್-ಲಿನಕ್ಸಿನದು ಕಲಿಯಲು ಐದು ನಿಮಿಷ ಸಾಕು. ಪರ್ಲಿನದಕ್ಕೆ ರೆಗೆಕ್ಸ್ ಸ್ವಲ್ಪ ಕಲಿಯಬೇಕು. ಕಲಿತರೆ 7 ಅನ್ನುವುದನ್ನು 007 ಮಾಡುವುದು, ದಿನ-ತಿಂಗಳು-ವರ್ಷ ಇದ್ದದ್ದನ್ನು ವರ್ಷ-ತಿಂಗಳು-ದಿನ ಮಾಡುವುದು ಎಲ್ಲಾ ಒಂದೇ ಸಾಲು. ಇವೆರಡೂ ಬೇಕಾಗುವ ಕೆಲಸಗಳೇ. 1ರ ಮುಂದೆ 10, ಆಮೇಲೆ 2 ಅಂತ ಫೈಲುಗಳು ಅಡ್ಡಾದಿಡ್ಡಿ ನಿಲ್ಲುವುದನ್ನು ನೋಡಿರುತ್ತೀರಲ್ವಾ? ಮುಂದೆ ಸೊನ್ನೆ ಇಟ್ಟರೆ ಸಾಲು ಸರಿ ಹೋಗುತ್ತದೆ.

ನನ್ನ ಮಾತು ಕೇಳುವುದಾದರೆ ಉಬುಂಟುವಿನವರು ಪರ್ಲ್ ರಿನೇಮ್ ಕಲಿಯಿರಿ. ‘ಮೈನಸ್ ಎನ್’ ಹಾಕಿದರೆ ಬರೀ ತೋರಿಸುತ್ತದೆ. ಒಂದು ವಿಷಯ ಗಮನಿಸಿ. ಎಂವಿಯಲ್ಲಿ ಮೈನಸ್ ಎನ್ ಅಂದರೆ ‘ಮೇಲೆ ಬರೆಯಬೇಡ’. ರಿನೇಮ್‌ನಲ್ಲಿ ಅದೇ ಅಕ್ಷರ ಅಂದರೆ ‘ಮಾಡಬೇಡ, ತೋರಿಸು’. ಎರಡನ್ನೂ ಬಳಸುವವರು ಇದನ್ನು ಬರೆದಿಟ್ಟುಕೊಳ್ಳಿ.

‘ಎಂಎಂವಿ’ ಮತ್ತು ಝಡ್‌ಶೆಲ್ ಎಂಬ ಕಮಾಂಡ್ ಲೈನಿನ ‘ಝಡ್‌ಎಂವಿ’ ಕೂಡ ಇವೆ. ರೆಗೆಕ್ಸ್ ಬೇಡ, ಸ್ಟಾರ್ ಗುರುತು ಸಾಕು ಅನ್ನುವವರಿಗೆ ಸರಳ. ಎಂಎಂವಿಯ ಒಳ್ಳೆಯ ಗುಣ ಏನೆಂದರೆ ಶುರು ಮಾಡುವ ಮೊದಲೇ ಎರಡು ಫೈಲಿಗೆ ಒಂದೇ ಹೆಸರು ಬರುತ್ತದಾ ಅಂತ ನೋಡುತ್ತದೆ. 2019ರ ನಂತರ ಮ್ಯಾಕ್ ತೆಗೆದುಕೊಂಡವರಿಗೆ ಝಡ್‌ಶೆಲ್ ಮೊದಲಿನಿಂದಲೇ ಸಿಗುತ್ತದೆ, ಅವರು ಝಡ್‌ಎಂವಿಯಿಂದ ಶುರು ಮಾಡಬಹುದು.

ಹಿಂದಕ್ಕೆ ಬರುವ ದಾರಿಯೇ ಮುಖ್ಯ ಅನ್ನುವವರಿಗೆ ‘ಎಫ್2’ ಅನ್ನುವ ಸಾಧನ ಇದೆ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ನೀವು ಕಮಾಂಡ್ ಕೊಟ್ಟಾಗ ಮೊದಲು ಬರೀ ತೋರಿಸುತ್ತದೆ. ‘ಮೈನಸ್ ಎಕ್ಸ್’ ಹಾಕಿದ ಮೇಲೆಯೇ ಬದಲಿಸುತ್ತದೆ. ಒಂದೇ ಹೆಸರು ಬಂದರೆ ಎಚ್ಚರಿಸುತ್ತದೆ, ಆಮೇಲೂ ಅನ್‌ಡೂ ಮಾಡಬಹುದು. ನನ್ನ ಅಳತೆಗೋಲಿನಲ್ಲಿ ಇದಕ್ಕೇ ಹೆಚ್ಚು ಅಂಕ. ಕೊರತೆ ಒಂದೇ, ಯಾವ ಕಂಪ್ಯೂಟರಿನಲ್ಲೂ ಮೊದಲಿನಿಂದ ಇರುವುದಿಲ್ಲ, ಇಳಿಸಿಕೊಳ್ಳಬೇಕು.

ಜಾತ್ರೆಯ ನಾಲ್ಕು ಸಾವಿರ

ಈಗ ಕೊಪ್ಪಳದ ಗೆಳೆಯನ ವಿಷಯ. ಅವನಿಗೆ ಮೇಲಿನ ಸಾದಾ ಕಮಾಂಡುಗಳು ಸಾಲುವುದಿಲ್ಲ. ಯಾಕೆಂದರೆ ಅವನಿಗೆ ಬೇಕಾದ ಹೆಸರು ಹಳೆಯ ಹೆಸರಿನಲ್ಲಿಲ್ಲ, ಫೋಟೋದೊಳಗೆ ಇದೆ. ಕ್ಯಾಮೆರಾ ಪ್ರತಿ ಫೋಟೋದಲ್ಲೂ ತೆಗೆದ ದಿನ, ಗಂಟೆ, ನಿಮಿಷ, ಸೆಕೆಂಡು, ಕ್ಯಾಮೆರಾದ ಮಾಡೆಲ್ ಎಲ್ಲಾ ಬರೆದಿಡುತ್ತದೆ. ಅದನ್ನು ಓದಿ ಹೆಸರು ಕೊಡುವುದು ‘ಎಕ್ಸಿಫ್‌ಟೂಲ್’. ಫಿಲ್ ಹಾರ್ವೆ ಎಂಬುವರು ಬರೆದದ್ದು. ವಿಂಡೋಸಿನಲ್ಲೂ ನಡೆಯುತ್ತದೆ. ಇಳಿಸಿಕೊಂಡಾಗ ಫೈಲಿನ ಹೆಸರಿನ ಕೊನೆಯಲ್ಲಿ ಬ್ರಾಕೆಟ್ಟಿನೊಳಗೆ ‘ಮೈನಸ್ ಕೆ’ ಇರುತ್ತದೆ. ಅದನ್ನು ತೆಗೆದು ಬರೀ ಎಕ್ಸಿಫ್‌ಟೂಲ್ ಎಂದು ಮಾಡಿದರೆ ಕಮಾಂಡ್ ಲೈನಿನಿಂದ ಕರೆಯಬಹುದು.

ಇರುವ ಫೈಲಿನ ಮೇಲೆ ಬರೆಯುವುದಿಲ್ಲ. ‘ಫೈಲ್‌ನೇಮ್’ ಎಂಬ ಜಾಗದಲ್ಲಿ ‘ಟೆಸ್ಟ್‌ನೇಮ್’ ಎಂದು ಕೊಟ್ಟರೆ ಬರೀ ತೋರಿಸುತ್ತದೆ. ಕಮಾಂಡ್ ಉದ್ದ, ಮೊದಲ ಸಲ ನೋಡಿದಾಗ ಕಷ್ಟ ಅನ್ನಿಸುತ್ತದೆ. ಆದರೆ ಒಮ್ಮೆ ಸರಿಯಾಗಿ ಬರೆದು ಒಂದು ಟೆಕ್ಸ್ಟ್ ಫೈಲಿನಲ್ಲಿ ಇಟ್ಟುಕೊಂಡರೆ ಪ್ರತಿ ಜಾತ್ರೆಗೂ, ಪ್ರತಿ ಮದುವೆಗೂ ಅದೇ.

ಗೆಳೆಯ ಮೊದಲು ದಿನ ಮತ್ತು ಸಮಯ ಮಾತ್ರ ಇಡೋಣ ಅಂದ. ನಾನು ಬೇಡ ಅಂದೆ. ತೇರು ಎಳೆಯುವಾಗ ಶಟರ್ ಒತ್ತಿ ಹಿಡಿದಿರುತ್ತೀರಿ. ಒಂದೇ ಸೆಕೆಂಡಿನಲ್ಲಿ ಐದಾರು ಫೋಟೋ ಬೀಳುತ್ತವೆ. ಐದಕ್ಕೂ ಒಂದೇ ಹೆಸರು ಬರುತ್ತದೆ. ಕೊನೆಗೆ ಒಂದು, ಎರಡು ಅಂತ ತಾನೇ ಅಂಕಿ ಹಾಕುವ ದಾರಿ ಎಕ್ಸಿಫ್‌ಟೂಲಿನಲ್ಲಿ ಇದೆ. ಆದರೆ ನಾನು ಹೇಳಿದ್ದು ಇಷ್ಟು: ಮೊದಲು ವರ್ಷ-ತಿಂಗಳು-ದಿನ, ಆಮೇಲೆ ಸಮಯ, ಆಮೇಲೆ ಕ್ಯಾಮೆರಾಗೆ ಒಂದು ಅಕ್ಷರ, ಕೊನೆಗೆ ಕ್ಯಾಮೆರಾ ಕೊಟ್ಟ ಹಳೆಯ ಹೆಸರು. ಉದ್ದ ಆಗುತ್ತದೆ ನಿಜ. ಆದರೆ ಹಳೆಯ ನಂಬರ್ ಉಳಿಯುತ್ತದೆ. ‘ಆ 412 ಚಲೋ ಬಂದೈತಿ, ಅದನ್ನ ದೊಡ್ಡದು ಮಾಡ್ರಿ’ ಅಂತ ಗಿರಾಕಿ ಹೇಳಿದರೆ ಹುಡುಕಬಹುದು.

ಇನ್ನೊಂದು ತೊಂದರೆ ಎದುರಾಯಿತು. ಎರಡು ಕ್ಯಾಮೆರಾದ ಗಡಿಯಾರ ಏಳು ನಿಮಿಷ ಹಿಂದೆ ಮುಂದೆ ಇದ್ದವು. ಸಮಯದ ಪ್ರಕಾರ ಸಾಲಾಗಿ ಇಟ್ಟಾಗ ತೇರು ಹೊರಡುವ ಮೊದಲೇ ನಿಂತ ಹಾಗೆ ಕಾಣುತ್ತಿತ್ತು. ಎಕ್ಸಿಫ್‌ಟೂಲಿನಿಂದಲೇ ಒಂದು ಕ್ಯಾಮೆರಾದ ಫೋಟೋಗಳ ಸಮಯವನ್ನು ಏಳು ನಿಮಿಷ ಮುಂದಕ್ಕೆ ಸರಿಸಿ ಆಮೇಲೆ ಹೆಸರು ಕೊಟ್ಟೆವು. ಫೋಟೋದೊಳಗಿನ ಸಮಯ ಬದಲಿಸುವಾಗ ಅದು ಹಳೆಯ ಫೈಲಿನ ಒಂದು ನಕಲನ್ನು ‘ಒರಿಜಿನಲ್’ ಎಂಬ ಬಾಲ ಸೇರಿಸಿ ಪಕ್ಕದಲ್ಲಿ ಇಡುತ್ತದೆ. ಡಿಸ್ಕಿನಲ್ಲಿ ಎರಡರಷ್ಟು ಜಾಗ ಇರಲಿ. ಹೆಸರು ಮಾತ್ರ ಬದಲಿಸಿದರೆ ಈ ಪ್ರತಿ ಆಗುವುದಿಲ್ಲ, ಅದಕ್ಕೇ ಬ್ಯಾಕಪ್ ನೀವೇ ಮಾಡಿಕೊಳ್ಳಬೇಕು.

ವಾಟ್ಸಾಪಿನಲ್ಲಿ ಬಂದ ಫೋಟೋಗೆ ಎಕ್ಸಿಫ್‌ಟೂಲ್ ಹಾಕಿ ಪ್ರಯೋಜನ ಇಲ್ಲ. ಫೋಟೋ ಆಗಿ ಕಳಿಸುವಾಗ ಅದರೊಳಗಿನ ಆ ಮಾಹಿತಿ ಹೋಗಿರುತ್ತದೆ.

ಕನ್ನಡದ ಹೆಸರುಗಳು

ಮೇಷ್ಟ್ರ ಕೆಲಸ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿತು. ಅವರು ಹೇಳಿದ್ದು ಹೀಗೆ: "ಕೋಟೆ ಅಂತ ಹುಡುಕಿದ್ರ ಹದಿನೈದು ಫೈಲ್ ಬರ್ತಾವ್ರೀ. ನಾ ತೆಗೆದಿದ್ದು ಇಪ್ಪತ್ತೆಂಟು. ಕಣ್ಣಿಗೆ ಎಲ್ಲಾದರ ಮ್ಯಾಲೂ ಕೋಟೆ ಅಂತನೇ ಕಾಣತೈತಿ."

ಹೌದು, ಕಣ್ಣಿಗೆ ಒಂದೇ. ಕಂಪ್ಯೂಟರಿಗೆ ಬೇರೆ. ಯುನಿಕೋಡಿನಲ್ಲಿ ‘ಕೋ’ ಬರೆಯಲು ಒಂದಕ್ಕಿಂತ ಹೆಚ್ಚು ದಾರಿ ಇದೆ. ಕ ಮತ್ತು ಓತ್ವದ ಒಂದೇ ಗುರುತು, ಅದು ಒಂದು ದಾರಿ. ಕ, ಅದರ ಮೇಲೆ ಎತ್ವ, ಕೊಂಬು, ದೀರ್ಘ ಅಂತ ಬಿಡಿ ಬಿಡಿಯಾಗಿ ಇಡುವುದು ಇನ್ನೊಂದು. ಕೀ, ಕೇ, ಕೈ, ಕೊ ಇವಕ್ಕೂ ಹೀಗೇ. ಹಳೆಯ ಮ್ಯಾಕ್‌ಗಳಲ್ಲಿ ಫೈಲಿನ ಹೆಸರು ಬಿಡಿಸಿದ ರೂಪದಲ್ಲೇ ಉಳಿಯುತ್ತಿತ್ತು. ಮೇಷ್ಟ್ರಿಗೆ ಹದಿಮೂರು ಫೋಟೋ ಬಂದದ್ದು ಒಬ್ಬ ಸ್ನೇಹಿತರ ಹಳೆಯ ಮ್ಯಾಕಿನಿಂದ, ಝಿಪ್ ಆಗಿ.

ಇದಕ್ಕೆ ‘ಕನ್ವ್‌ಎಂವಿ’ ಎಂಬ ಸಾಧನ ಇದೆ. ಫೈಲುಗಳ ಹೆಸರನ್ನು ಒಂದು ರೂಪದಿಂದ ಇನ್ನೊಂದಕ್ಕೆ ತರುವುದೇ ಅದರ ಕೆಲಸ. ಎಲ್ಲವನ್ನೂ ಕೂಡಿಸಿದ ರೂಪಕ್ಕೆ, ಅಂದರೆ ಎನ್‌ಎಫ್‌ಸಿಗೆ ತರಲು ಹೇಳಿದೆವು. ಅದು ತಾನಾಗಿ ಏನೂ ಬದಲಿಸುವುದಿಲ್ಲ, ‘ನೋಟೆಸ್ಟ್’ ಎಂದು ಕೊಟ್ಟ ಮೇಲೆಯೇ ಕೈ ಹಾಕುತ್ತದೆ. ಕೆಲಸ ಮುಗಿದ ಮೇಲೆ ಇಪ್ಪತ್ತೆಂಟೂ ಸಿಕ್ಕವು.

ಕಣ್ಣಿಗೆ ಕಾಣದ ಇನ್ನೊಂದು ಗುರುತಿದೆ. ‘ಫೋಲ್ಡರ್‌ಗಳು’ ಅಂತ ಬರೆಯುವಾಗ ರ್ ಮತ್ತು ಗ ಒತ್ತಕ್ಷರ ಆಗದಿರಲಿ ಅಂತ ನಡುವೆ ಒಂದು ಖಾಲಿ ಗುರುತು ಹಾಕುತ್ತೇವೆ. ಅದು ಹೆಸರಿನೊಳಗೆ ಸೇರಿಕೊಂಡರೆ ಹುಡುಕಾಟ ತಪ್ಪುತ್ತದೆ. ಫೈಲಿನ ಹೆಸರಿಗೆ ಇಂಥ ಪದ ಇಡದಿದ್ದರೆ ಒಳ್ಳೆಯದು.

ಉದ್ದದ ಮಿತಿಯೂ ಇದೆ. ಲಿನಕ್ಸಿನಲ್ಲಿ ಒಂದು ಹೆಸರು 255 ಬೈಟ್ ದಾಟುವಂತಿಲ್ಲ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್. ಕನ್ನಡದ ಪ್ರತಿ ಗುರುತಿಗೂ ಮೂರು. ‘ಗವಿಸಿದ್ಧೇಶ್ವರ’ ಎನ್ನುವುದರಲ್ಲಿ ಕಾಗುಣಿತ, ಒತ್ತು ಎಲ್ಲಾ ಬಿಡಿಸಿದರೆ 13 ಗುರುತು, ಅಂದರೆ 39 ಬೈಟ್. ಒಟ್ಟು ಹೆಸರಿಗೆ 85 ಗುರುತು ಸಿಗುತ್ತವೆ ಅಷ್ಟೇ. ವಿಂಡೋಸಿನ ಲೆಕ್ಕ ಬೇರೆ, ಅಲ್ಲಿ ಕನ್ನಡಕ್ಕೂ 255 ಗುರುತು ಸಿಗುತ್ತವೆ. ಅಲ್ಲಿ ಉದ್ದವಾಗಿ ಇಟ್ಟ ಹೆಸರು ಲಿನಕ್ಸಿಗೆ ತಂದಾಗ ಹಿಡಿಸದೆ ಹೋಗಬಹುದು.

ಕಮಾಂಡ್ ಪ್ರಾಂಪ್ಟಿನಲ್ಲಿ ಕನ್ನಡದ ಜಾಗದಲ್ಲಿ ಚೌಕ ಚೌಕ ಕಂಡರೆ ಗಾಬರಿ ಬೇಡ. ತೋರಿಸಲು ಬರುತ್ತಿಲ್ಲ, ಅಷ್ಟೇ. ಹೆಸರು ಒಳಗೆ ಸರಿಯಾಗಿಯೇ ಇದೆ. ಆದರೆ ಪವರ್‌ಶೆಲ್ 5.1ರಲ್ಲಿ ಓಡಿಸುವ ಸ್ಕ್ರಿಪ್ಟಿನೊಳಗೆ ಕನ್ನಡ ಬರೆದಿದ್ದರೆ ಅದನ್ನು ‘ಯುಟಿಎಫ್-8 ವಿತ್ ಬಿಒಎಂ’ ಎಂದು ಉಳಿಸಿ. ಇಲ್ಲದಿದ್ದರೆ ಅದು ಬೇರೆ ಅಕ್ಷರ ಅಂತ ಓದಿ ಹೆಸರು ಹಾಳು ಮಾಡುತ್ತದೆ. ಪವರ್‌ಶೆಲ್ 7ರಲ್ಲಿ ಈ ತೊಂದರೆ ಇಲ್ಲ.

ರೂಪ ಸರಿಯಾದ ಮೇಲೆ ಮೇಷ್ಟ್ರಿಗೆ ಉಳಿದದ್ದು ಕೈಯಿಂದ ತಿದ್ದುವ ಕೆಲಸ. ಒಂದೊಂದು ವೀರಗಲ್ಲಿಗೂ ಬೇರೆ ಊರು, ಬೇರೆ ವಿವರ. ಯಾವ ನಿಯಮಕ್ಕೂ ಸಿಗುವುದಿಲ್ಲ. ಅವರಿಗೆ ‘ವಿಡಿರ್’ ಕೊಟ್ಟೆ, ಮೋರ್‌ಯುಟಿಲ್ಸ್ ಪ್ಯಾಕೇಜಿನಲ್ಲಿ ಬರುತ್ತದೆ. ಫೋಲ್ಡರಿನ ಎಲ್ಲಾ ಹೆಸರುಗಳನ್ನು ನಂಬರ್ ಹಾಕಿ ಎಡಿಟರಿನಲ್ಲಿ ತೆರೆಯುತ್ತದೆ. ಪರೀಕ್ಷೆ ಪತ್ರಿಕೆ ತಿದ್ದಿದ ಹಾಗೆ ತಿದ್ದಿ ಉಳಿಸಿದರೆ ಮುಗಿಯಿತು. ರೆಗೆಕ್ಸ್ ಬೇಡ, ಏನೂ ಬೇಡ. ಒಂದೇ ಒಂದು ಅಪಾಯ ಇದೆ, ಅದನ್ನು ಎರಡು ಸಲ ಹೇಳಿದೆ. ಸಾಲನ್ನು ಅಳಿಸಿದರೆ ಆ ಫೈಲೇ ಅಳಿಸಿ ಹೋಗುತ್ತದೆ. ಆ ಭಯ ಬೇಡ ಅನ್ನುವವರಿಗೆ ರಿನೇಮ್‌ಯುಟಿಲ್ಸ್‌ನ ‘ಕ್ಯುಎಂವಿ’ ಇದೆ. ಅದು ಹೆಸರು ಬದಲಿಸಲು ಮಾತ್ರ ಇರುವುದು, ಎರಡು ಹೆಸರು ಒಂದೇ ಆದರೂ ಹಿಡಿಯುತ್ತದೆ. ನೋಡಲು ಮಾತ್ರ ವಿಡಿರ್‌ನಷ್ಟು ಸರಳ ಅಲ್ಲ.

ಹಳೆಯ ನುಡಿ ಫಾಂಟಿನ ಕಾಲದ ಹೆಸರುಗಳು, ಅಂದರೆ ಈಗ ವಿಚಿತ್ರ ಇಂಗ್ಲಿಷ್ ಅಕ್ಷರಗಳಾಗಿ ಕಾಣುವಂಥವು, ನಿಮ್ಮಲ್ಲಿದ್ದರೆ ಮೇಲಿನ ಯಾವ ಸಾಧನವೂ ಒಂದೇ ಏಟಿಗೆ ಮಾಡುವುದಿಲ್ಲ. ಹೆಸರುಗಳ ಪಟ್ಟಿ ತೆಗೆದು, ಯುನಿಕೋಡಿಗೆ ಬದಲಿಸಿ, ಹಳೆಯದು ಹೊಸದು ಎರಡು ಕಾಲಂ ಮಾಡಿ, ಎಕ್ಸೆಲ್‌ನಲ್ಲಿ ಮಾಡಿದ ಹಾಗೇ ಮಾಡಬೇಕು. ಇಂಥ ಕೆಲಸ ಮೇಲಿಂದ ಮೇಲೆ ಬರುತ್ತಿದ್ದರೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಅದು ಒಳ್ಳೆಯ ಕಾರಣ. ಒಂದು ಎಚ್ಚರ: ಪೈಥಾನಿನ ಹೆಸರು ಬದಲಿಸುವ ಆಜ್ಞೆ ವಿಂಡೋಸಿನಲ್ಲಿ ಇರುವ ಫೈಲಿನ ಮೇಲೆ ಬರೆಯುವುದಿಲ್ಲ, ಲಿನಕ್ಸಿನಲ್ಲಿ ಕೇಳದೆ ಬರೆಯುತ್ತದೆ. ಫೈಲು ಆಗಲೇ ಇದೆಯಾ ಅಂತ ನೀವೇ ಪರೀಕ್ಷಿಸುವ ಸಾಲು ಸೇರಿಸಿ.

ನೀವು ಯಾರು ಅಂತ ನೋಡಿಕೊಳ್ಳಿ

ವಿಂಡೋಸ್, ಆಫೀಸ್ ಕೆಲಸ, ಹೊಸದೇನೂ ಹಾಕುವಂತಿಲ್ಲ ಅಂದರೆ ಪವರ್‌ಶೆಲ್. ಹೊಸ ಹೆಸರು ನಿಮ್ಮ ತಲೆಯಲ್ಲಿ ಮಾತ್ರ ಇದ್ದರೆ ಅದರ ಜೊತೆ ಎಕ್ಸೆಲ್. ಕ್ಯಾಮೆರಾ ನಿಮ್ಮ ಹೊಟ್ಟೆಪಾಡಾಗಿದ್ದರೆ ಎರಡು ಸಂಜೆ ಕೂತು ಎಕ್ಸಿಫ್‌ಟೂಲ್ ಕಲಿಯಿರಿ. ಉಬುಂಟು ಇದ್ದು ಪದೇ ಪದೇ ಕೆಲಸ ಬರುತ್ತಿದ್ದರೆ ಪರ್ಲ್ ರಿನೇಮ್. ಇನ್ನೂರು ಮುನ್ನೂರು ಫೈಲು, ಒಂದೊಂದಕ್ಕೂ ಬೇರೆ ಹೆಸರು ಅಂದರೆ ವಿಡಿರ್ ಅಥವಾ ಕ್ಯುಎಂವಿ. ಕಮಾಂಡ್ ಲೈನ್ ಹೊಸದು, ಕೈ ನಡುಗುತ್ತದೆ ಅನ್ನುವವರು ಎಫ್2 ಇಳಿಸಿಕೊಳ್ಳಿ. ವರ್ಷಕ್ಕೊಂದು ಸಲ ಮಾತ್ರ ಈ ಕೆಲಸ, ವಿಂಡೋಸ್ ಇದೆ ಅಂದರೆ ಮೈಕ್ರೋಸಾಫ್ಟಿನ ಪವರ್‌ಟಾಯ್ಸ್‌ನಲ್ಲಿ ಮೌಸ್ ಹಿಡಿದು ಮಾಡುವ ‘ಪವರ್‌ರಿನೇಮ್’ ಇದೆ, ಅದು ಸಾಕು. ಕಮಾಂಡ್ ಕಲಿಯಲೇಬೇಕು ಅಂತೇನಿಲ್ಲ.

ಯಾವುದನ್ನೇ ಆರಿಸಿ, ಇವತ್ತು ನಿಜವಾದ ಫೋಲ್ಡರಿನಲ್ಲಿ ಶುರು ಮಾಡಬೇಡಿ. ಹತ್ತು ಫೈಲುಗಳನ್ನು ಬೇರೆ ಫೋಲ್ಡರಿಗೆ ಪ್ರತಿ ಮಾಡಿ. ಅದರಲ್ಲಿ ಖಾಲಿ ಜಾಗ ಇರುವ ಹೆಸರು ಒಂದಿರಲಿ, ಕನ್ನಡದ್ದು ಒಂದಿರಲಿ, ಬೇಕಂತಲೇ ಒಂದೇ ಹೊಸ ಹೆಸರು ಬರುವಂಥ ಎರಡಿರಲಿ. ಕಮಾಂಡ್ ಓಡಿಸಿ. ಆಮೇಲೆ ಎಣಿಸಿ. ಹತ್ತೂ ಇದ್ದರೆ, ಆಗ ನಿಜವಾದ ಫೋಲ್ಡರ್ ತೆರೆಯಿರಿ.